ತುಂಬಿದ ಎದೆಗೆ ಫೀಡಿಂಗ್ ಬ್ರಾ: ನಂಬರ್ ಏರಿಸಬೇಡಿ, ಕಪ್ ಏರಿಸಿ

ಏಳನೇ ತಿಂಗಳಲ್ಲಿ ಫೀಡಿಂಗ್ ಬ್ರಾ ಕೇಳಿಕೊಂಡು ಒಂದು ಅಂಗಡಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ನನ್ನನ್ನು ಒಮ್ಮೆ ನೋಡಿ, "ಅಕ್ಕಾ, ನಿಮ್ಗೆ 42 ಬೇಕಾಗುತ್ತೆ" ಅಂತ ಎರಡು ಡಬ್ಬ ತೆಗೆದಿಟ್ಟಳು. ಅವಳು ಟೇಪು ಹಿಡಿಯಲಿಲ್ಲ, ನಾನೂ ಕೇಳಲಿಲ್ಲ. ಸುತ್ತ ಜನ ಇದ್ದರು, ನಾಚಿಕೆ ಆಯಿತು. ದುಡ್ಡು ಕೊಟ್ಟು ಬಂದೆ. ಹೆರಿಗೆಯಾಗಿ ಹತ್ತು ದಿನಕ್ಕೆ ಆ ಬ್ರಾ ಬೆನ್ನ ಮೇಲೆ ಕತ್ತಿನ ಕಡೆಗೆ ಏರಿ ಕೂತಿತ್ತು. ಮುಂದೆ ಎದೆ ಇಳಿಬಿದ್ದಿತ್ತು. ಎರಡೂ ಭುಜದ ಮೇಲೆ ಬೆರಳು ಇಡುವಷ್ಟು ಗುಳಿ, ಎದೆ ಕೆಳಗಿನ ಮಡಿಕೆಯಲ್ಲಿ ಬೆವರುಗುಳ್ಳೆ. ಮಗುವಿಗೆ ಹಾಲು ಕುಡಿಸಲು ಕೂತರೆ ಕತ್ತು ಸೆಳೆತ. ಆಮೇಲೆ ಮನೆಯಲ್ಲೇ ಅಳೆದು ನೋಡಿದಾಗ ಗೊತ್ತಾಯಿತು, ನನಗೆ ಬೇಕಿದ್ದದ್ದು 36. ಕಪ್ ಮಾತ್ರ ದೊಡ್ಡದು.

ಎದೆ ದಪ್ಪ ಇರುವ ಹೆಂಗಸರಿಗೆ ನಮ್ಮ ಪೇಟೆಗಳಲ್ಲಿ ಆಗುವುದು ಹೆಚ್ಚಾಗಿ ಇದೇ. ಅಂಗಡಿಯಲ್ಲಿ ಬಿ ಕಪ್ ಇರುತ್ತದೆ, ಅದೃಷ್ಟ ಇದ್ದರೆ ಸಿ. ಅದರಲ್ಲಿ ಎದೆ ಹಿಡಿಸದಿದ್ದರೆ 38, 40, 42 ಅಂತ ನಂಬರ್ ಏರಿಸುತ್ತಾ ಹೋಗುತ್ತಾರೆ. ನಂಬರ್ ಅನ್ನುವುದು ಎದೆ ಕೆಳಗೆ ಮೈ ಸುತ್ತುವ ಪಟ್ಟಿಯ ಅಳತೆ. ಬಿ, ಸಿ, ಡಿ ಅನ್ನುವ ಅಕ್ಷರ ಕಪ್ಪಿನ ಅಳತೆ. ಎದೆಯ ಭಾರ ಹೊರುವುದು ಮುಖ್ಯವಾಗಿ ಆ ಕೆಳಪಟ್ಟಿ. ಅದು ಸಡಿಲ ಆಯಿತೋ, ಭಾರ ಪೂರ್ತಿ ಭುಜಕ್ಕೆ ಬೀಳುತ್ತದೆ. ಹಾಲು ತುಂಬಿದ ಎದೆ, ದಿನಕ್ಕೆ ಎಂಟು-ಹತ್ತು ಸಲ ಬಗ್ಗಿ ಕುಡಿಸುವ ಕೆಲಸ, ಅದರ ಮೇಲೆ ಈ ಎಳೆತ. ಬಾಣಂತಿಗೆ ಇಷ್ಟು ಕಷ್ಟ ಯಾಕೆ ಬೇಕು ಹೇಳಿ?

ಯಾವಾಗ ಕೊಳ್ಳಬೇಕು

ಒಂದೇ ಸಲ ನಾಲ್ಕೈದು ತಂದಿಡಬೇಡಿ. ದುಡ್ಡು ಹೋಗುವುದು ಇಲ್ಲೇ.

ಬಸುರಿನಲ್ಲಿ ಪಕ್ಕೆಲುಬು ಅಗಲ ಆಗುತ್ತದೆ, ಹೆರಿಗೆಯ ನಂತರ ನಿಧಾನವಾಗಿ ಹಿಂದಕ್ಕೆ ಬರುತ್ತದೆ. ಎದೆಯದ್ದು ಉಲ್ಟಾ. ಹೆರಿಗೆಯಾಗಿ ಎರಡರಿಂದ ಐದು ದಿನದೊಳಗೆ ಹಾಲು ಇಳಿದಾಗ ಅದು ಒಮ್ಮೆಗೇ ಉಬ್ಬಿ ಕಲ್ಲಿನ ಹಾಗೆ ಬಿಗಿಯುತ್ತದೆ. ಆಮೇಲೆ ಮಗು ಕುಡಿಯುವಷ್ಟಕ್ಕೆ ಹಾಲು ಹೊಂದಿಕೊಂಡು, ಸುಮಾರು ಆರು ವಾರಕ್ಕೆ ಅಳತೆ ಒಂದು ಹದಕ್ಕೆ ಬರುತ್ತದೆ. ಹಾಗಾಗಿ ಒಂಬತ್ತನೇ ತಿಂಗಳ ಹೊತ್ತಿಗೆ ಎರಡೇ ಎರಡು ತೆಗೆದುಕೊಳ್ಳಿ: ಹಗಲಿಗೆ ಒಂದು, ರಾತ್ರಿಗೆ ಒಂದು ಮೆತ್ತನೆಯದು. ಒಳ್ಳೆಯ ಬೆಲೆಯದನ್ನು ಕೊಳ್ಳುವುದಿದ್ದರೆ ಆರು ವಾರ ಕಳೆಯಲಿ.

ಬಸುರಿನಲ್ಲಿ ಕೊಳ್ಳುವಾಗ ತೀರಾ ಸಡಿಲದ ಹುಕ್ಕಿಗೆ, ಅಂದರೆ ತುದಿಯ ಸಾಲಿಗೆ ಹಾಕಿದಾಗ ಸರಿಯಾಗಿ ಕೂರುವ ಪಟ್ಟಿ ಆರಿಸಿ. ಹೆರಿಗೆ ಆದಮೇಲೆ ಮೈ ಇಳಿದ ಹಾಗೆ ಒಳಗಿನ ಸಾಲಿಗೆ ಬರಬಹುದು. ಕಪ್ಪಿನಲ್ಲಿ ಮಾತ್ರ ಒಂದು ಅಂಗೈ ತೂರುವಷ್ಟು ಜಾಗ ಉಳಿದಿರಲಿ.

ಅಳತೆ: ಇದನ್ನು ಮನೆಯಲ್ಲೇ ಮುಗಿಸಿಕೊಂಡು ಹೋಗಿ

ಟೈಲರಿಂಗ್ ಟೇಪು ಸಾಕು. ಅದೂ ಇಲ್ಲದಿದ್ದರೆ ಒಂದು ದಾರ ಸುತ್ತಿ, ಮಕ್ಕಳ ಸ್ಕೇಲಿನ ಮೇಲಿಟ್ಟು ನೋಡಿ. ಸೆಂಟಿಮೀಟರಿನಲ್ಲಿ ಅಳೆಯಿರಿ. ಇಂಚಿನಲ್ಲಿ ಅಳೆದರೆ ಗೊಂದಲ ಜಾಸ್ತಿ. ಎದೆ ಕೆಳಗೆ 30 ಇಂಚು ಇದ್ದರೆ ನಮ್ಮಲ್ಲಿ ಸಿಗುವ ಎಷ್ಟೋ ಬ್ರಾಗಳಲ್ಲಿ ಅದು 34 ಆಗುತ್ತದೆ. ಡಬ್ಬದ ಮೇಲಿನ ನಂಬರ್ ಮತ್ತು ಟೇಪಿನ ಇಂಚು ಒಂದೇ ಅಂದುಕೊಂಡು ಎಷ್ಟೋ ಜನ ಎಡವುತ್ತಾರೆ. ಡಬ್ಬದ ಹಿಂದೆ ಅಥವಾ ಕಂಪನಿಯ ಚಾರ್ಟಿನಲ್ಲಿ ಸೆಂಟಿಮೀಟರ್ ಹಾಕಿರುತ್ತಾರೆ, ಅದನ್ನೇ ನಂಬಿ.

ಮೊದಲು ಎದೆಯ ಸರಿ ಕೆಳಗೆ, ಪಕ್ಕೆಲುಬಿನ ಮೇಲೆ ಟೇಪು ಸುತ್ತಿ. ಎದೆ ಜೋತಿದ್ದರೆ ಒಂದು ಕೈಯಿಂದ ಮೇಲೆತ್ತಿ ಹಿಡಿಯಿರಿ, ಇಲ್ಲದಿದ್ದರೆ ಟೇಪು ಎದೆಯ ಮೇಲೇ ಕೂತು ಅಳತೆ ತಪ್ಪುತ್ತದೆ. ಉಸಿರು ಬಿಟ್ಟು, ಟೇಪು ಮೈಗೆ ಅಂಟುವ ಹಾಗೆ ಎಳೆಯಿರಿ. ಬೆನ್ನ ಕಡೆ ಟೇಪು ಮೇಲೇರಿದೆಯಾ ಅಂತ ಕನ್ನಡಿಯಲ್ಲಿ ನೋಡಿ. ಮನೆಯಲ್ಲಿ ಅಮ್ಮನೋ ತಂಗಿಯೋ ಇದ್ದರೆ ಹಿಂದೆ ಹಿಡಿಯಲು ಹೇಳಿ.

ಎರಡನೆಯದು ಎದೆಯ ಅತಿ ಉಬ್ಬಿದ ಭಾಗ. ಪ್ಯಾಡ್ ಇಲ್ಲದ ಮೆತ್ತನೆಯ ಬ್ರಾ ಹಾಕಿಕೊಂಡು ಮೊಲೆತೊಟ್ಟಿನ ಮಟ್ಟದಲ್ಲಿ ಅಳೆಯಿರಿ. ಎದೆ ತುಂಬ ದಪ್ಪ ಇದ್ದರೆ ನೆಟ್ಟಗೆ ನಿಂತು ಒಮ್ಮೆ, ಸೊಂಟ ಬಗ್ಗಿಸಿ ಬೆನ್ನು ನೆಲಕ್ಕೆ ಸಮ ಮಾಡಿಕೊಂಡು ಇನ್ನೊಮ್ಮೆ ಅಳೆದು, ಎರಡರ ನಡುವಿನ ಅಂಕಿ ಹಿಡಿಯಿರಿ. ಇಲ್ಲಿ ಟೇಪು ಬಿಗಿಯಬಾರದು, ಸುಮ್ನೆ ಮುಟ್ಟಿದ ಹಾಗಿರಬೇಕು. ಬಾಣಂತಿಯಾದರೆ ಮಗುವಿಗೆ ಕುಡಿಸುವ ಮೊದಲು, ಎದೆ ತುಂಬಿರುವಾಗಲೇ ಅಳೆಯಿರಿ. ಖಾಲಿ ಎದೆಗೆ ಅಳೆದು ತಂದ ಬ್ರಾ ಎರಡು ತಾಸಿಗೆ ಬಿಗಿಯಲು ಶುರುವಾಗುತ್ತದೆ.

ಈಗ ಲೆಕ್ಕ. ನನ್ನದನ್ನೇ ಹೇಳುತ್ತೇನೆ. ಎದೆ ಕೆಳಗೆ 80 ಸೆಂಟಿಮೀಟರ್. 78ರಿಂದ 82ರ ತನಕ ಇದ್ದರೆ 36ರ ಪಟ್ಟಿ, 73ರಿಂದ 77 ಆದರೆ 34, 83ರಿಂದ 87 ಆದರೆ 38. ಎದೆಯ ಮೇಲೆ 101. ಎರಡರ ನಡುವೆ 21 ಸೆಂಟಿಮೀಟರ್ ವ್ಯತ್ಯಾಸ. ವ್ಯತ್ಯಾಸ 14ರಿಂದ 16 ಇದ್ದರೆ ಬಿ, 18ರ ತನಕ ಸಿ, 20ರ ತನಕ ಡಿ. ಅಲ್ಲಿಂದ ಮುಂದೆ ಸುಮಾರು ಎರಡೆರಡು ಸೆಂಟಿಮೀಟರಿಗೆ ಒಂದೊಂದು ಕಪ್. ಡಿ ಆದಮೇಲೆ ಕೆಲವರು ಡಬಲ್ ಡಿ ಅಂತಾರೆ, ಕೆಲವರು ನೇರ ಇ ಅಂತಾರೆ. ಆದ್ದರಿಂದ ಡಿ ದಾಟಿದವರು ಪ್ರತಿ ಕಂಪನಿಯ ಚಾರ್ಟನ್ನೂ ಬೇರೆಯಾಗೇ ನೋಡಬೇಕು. ನನ್ನದು 36 ಡಬಲ್ ಡಿ. ಅಂಗಡಿಯಲ್ಲಿ ಕೊಟ್ಟದ್ದು 42 ಬಿ!

ನಿಮ್ಮ ಅಳತೆ ಸಿಗಲೇ ಇಲ್ಲ ಅಂದರೆ ಪಕ್ಕದ ಅಳತೆಗೆ ಹೋಗಬಹುದು. ಪಟ್ಟಿ ಒಂದು ಮೆಟ್ಟಿಲು ಏರಿದರೆ ಕಪ್ ಒಂದು ಮೆಟ್ಟಿಲು ಇಳಿಯಬೇಕು. 36 ಡಬಲ್ ಡಿ ಹಿಡಿಸುವಷ್ಟನ್ನೇ 38 ಡಿ ಕಪ್ಪೂ ಹಿಡಿಸುತ್ತದೆ. ಒಂದು ಮೆಟ್ಟಿಲು ಪರವಾಗಿಲ್ಲ. ಎರಡು, ಮೂರು ಅಂತ ಹೋದರೆ ಮತ್ತೆ ಅದೇ 42ರ ಕಥೆ.

ಕೈಯಲ್ಲಿ ಹಿಡಿದಾಗ ಏನು ನೋಡಬೇಕು

ಹಿಂದೆ ಮೇಲಿಂದ ಕೆಳಗೆ ಎಷ್ಟು ಹುಕ್ಕು ಇವೆ ಅಂತ ಮೊದಲು ನೋಡಿ. ಒಂದರ ಕೆಳಗೊಂದು ಮೂರು ಅಥವಾ ನಾಲ್ಕು ಹುಕ್ಕು ಇದ್ದರೆ ಪಟ್ಟಿ ಅಗಲ ಇರುತ್ತದೆ, ಮಡಚಿಕೊಳ್ಳುವುದಿಲ್ಲ. ಎರಡೇ ಹುಕ್ಕಿನದ್ದು ನಮಗಲ್ಲ. ಭುಜದ ಪಟ್ಟಿ ಎರಡು ಬೆರಳಷ್ಟು ಅಗಲ ಇರಲಿ, ಎಳೆದರೆ ರಬ್ಬರಿನ ಹಾಗೆ ಉದ್ದ ಆಗುವುದು ಬೇಡ. ಕಂಕುಳ ಕಡೆ ಬಟ್ಟೆ ಎತ್ತರ ಇರಲಿ. ಬಟ್ಟೆ ಹತ್ತಿಯದೇ ಇರಲಿ, ಸ್ವಲ್ಪ ಎಲಾಸ್ಟಿಕ್ ನೂಲು ಸೇರಿದ್ದರೆ ಇನ್ನೂ ಒಳ್ಳೆಯದು. ಪ್ಯಾಡ್ ಇರುವುದು ಬೇಡ. ದಪ್ಪ ಎದೆಗೆ ಅದು ಸುಮ್ನೆ ಇನ್ನಷ್ಟು ಸೆಕೆ, ಹಾಲು ಸೋರಿದರೆ ಒಣಗುವುದೂ ಇಲ್ಲ.

ಇನ್ನು ಕಪ್ ಬಿಚ್ಚುವ ಕ್ಲಿಪ್. ಕ್ಲಿಪ್ ಬಿಚ್ಚಿ ಕಪ್ ಕೆಳಗಿಳಿಸಿದಾಗ ಒಳಗೆ ಇನ್ನೊಂದು ಬಟ್ಟೆ ಉಳಿಯುತ್ತದೆ. ಕೆಲವು ಬ್ರಾಗಳಲ್ಲಿ ಅದು ಮೊಲೆಯ ಸುತ್ತ ಉಂಗುರದ ಹಾಗೆ ಇರುತ್ತದೆ, ನಡುವೆ ಒಂದು ತೂತು. ಸಣ್ಣ ಎದೆಗೆ ಅದು ಸರಿ. ದೊಡ್ಡ ಎದೆ ಆ ತೂತಿನಿಂದ ಹೊರಗೆ ಉಬ್ಬಿ ಬರುತ್ತದೆ, ಬಟ್ಟೆಯ ಅಂಚು ಸುತ್ತಲೂ ಒತ್ತಿ ಕೂರುತ್ತದೆ. ನನ್ನ ಎಡಗಡೆ ಎದೆಯ ಮೇಲೆ ಆ ಉಂಗುರದ ಗೆರೆ ಕುಡಿಸಿ ಮುಗಿಸಿ ಅರ್ಧ ಗಂಟೆ ಆದರೂ ಹೋಗುತ್ತಿರಲಿಲ್ಲ. ನಮಗೆ ಬೇಕಾದ್ದು ಕಂಕುಳ ಪಕ್ಕದಲ್ಲಿ ಮಾತ್ರ ಒಂದು ಅಗಲ ಪಟ್ಟಿ ಉಳಿದು, ಕಪ್ ಪೂರ್ತಿ ಕೆಳಗಿಳಿಯುವಂಥದ್ದು. ಆಗ ಮಗುವಿನ ಮೂಗಿಗೂ ಬಟ್ಟೆ ಅಡ್ಡ ಬರುವುದಿಲ್ಲ.

ಕ್ಲಿಪ್ಪನ್ನು ಅಂಗಡಿಯಲ್ಲೇ ಒಂದೇ ಕೈಯಲ್ಲಿ ಬಿಚ್ಚಿ, ಒಂದೇ ಕೈಯಲ್ಲಿ ಹಾಕಿ ನೋಡಿ. ಎಡಗೈಯಲ್ಲೂ ನೋಡಿ. ರಾತ್ರಿ ಎರಡು ಗಂಟೆಗೆ ಅಳುವ ಮಗು ಬಲಗೈಯಲ್ಲಿ ಇರುತ್ತದೆ, ಅಲ್ವಾ?

ಹಾಕಿ ನೋಡಲು ಬಿಡುತ್ತೀರಾ ಅಂತ ಧೈರ್ಯವಾಗಿ ಕೇಳಿ. ಟ್ರಯಲ್ ರೂಮ್ ಇರುವ ಅಂಗಡಿ ಸಿಕ್ಕರೆ ಬಿಡಬೇಡಿ. ಹಾಕಿಕೊಂಡು ಮುಂದಕ್ಕೆ ಬಗ್ಗಿ ಎದೆಯನ್ನು ಕೈಯಿಂದ ಪಕ್ಕದಿಂದ ಕಪ್ಪಿನೊಳಗೆ ತುಂಬಿಸಿ, ನಂತರ ನೆಟ್ಟಗಾಗಿ. ಬೆನ್ನ ಪಟ್ಟಿ ಮುಂದಿನ ಪಟ್ಟಿಗೆ ಸಮ ಇರಬೇಕು. ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ಎರಡೂ ಕೈ ಮೇಲೆತ್ತಿ. ಎದೆ ಕೆಳಗಿನಿಂದ ಇಣುಕಿದರೆ ಪಟ್ಟಿ ಸಡಿಲ. ಮೇಲಿನಿಂದಲೋ ಕಂಕುಳಿಂದಲೋ ಉಕ್ಕಿದರೆ ಕಪ್ ಸಣ್ಣದು. ಭುಜಪಟ್ಟಿ ಜಾರಿಸಿಬಿಟ್ಟು ಒಂದು ನಿಮಿಷ ನಿಲ್ಲಿ. ಆಗಲೂ ಬ್ರಾ ಇದ್ದಲ್ಲೇ ಇದ್ದರೆ ಅದೇ ನಿಮ್ಮದು.

ಎಲ್ಲಿ, ಎಷ್ಟಕ್ಕೆ

ಸಾದಾ ಹತ್ತಿಯ ಫೀಡಿಂಗ್ ಬ್ರಾ ಪೇಟೆಯಲ್ಲಿ ಸುಮಾರು 200ರಿಂದ 400 ರೂಪಾಯಿಗೆ ಸಿಗುತ್ತದೆ. ಹೆಸರಿರುವ ಕಂಪನಿಗಳದ್ದು ಹೆಚ್ಚಾಗಿ 600ರ ಮೇಲೆ, ಸಾವಿರ ದಾಟುವುದೂ ಉಂಟು. ಬೆಂಗಳೂರಲ್ಲಿ ಚಿಕ್ಕಪೇಟೆ, ಜಯನಗರ 4ನೇ ಬ್ಲಾಕ್, ಮಲ್ಲೇಶ್ವರಂ 8ನೇ ಕ್ರಾಸ್, ಮೈಸೂರಲ್ಲಿ ದೇವರಾಜ ಅರಸು ರಸ್ತೆ, ಹುಬ್ಬಳ್ಳಿಯಲ್ಲಿ ದುರ್ಗದ ಬೈಲು ಸುತ್ತಮುತ್ತ ಒಂದು ಸುತ್ತು ಹಾಕಿದರೆ ಬೆಲೆ ಅಂದಾಜು ಸಿಗುತ್ತದೆ. ಡಿ ದಾಟಿದ ಕಪ್ ಮಾತ್ರ ಸಣ್ಣ ಊರಿನ ಅಂಗಡಿಯಲ್ಲಿ ಸಿಗುವುದು ಕಷ್ಟ. ಅದಕ್ಕೆ ಆನ್‌ಲೈನೇ ಗತಿ. ಬೆಂಗಳೂರಲ್ಲಿ 2011ರಲ್ಲಿ ಶುರುವಾದ ಜಿವಾಮೆಯಂಥ ಒಳಉಡುಪಿನ ತಾಣಗಳಲ್ಲಿ ಕಪ್ ಅಳತೆ ಹಾಕಿಯೇ ಹುಡುಕಬಹುದು. ಕೊಳ್ಳುವ ಮೊದಲು ವಾಪಸ್ ಅಥವಾ ಬದಲಾವಣೆ ಉಂಟಾ ಅಂತ ನೋಡಿ, ಒಳಉಡುಪನ್ನು ಎಷ್ಟೋ ಕಡೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಎಸ್, ಎಂ, ಎಲ್, ಎಕ್ಸ್‌ಎಲ್ ಅಂತಷ್ಟೇ ಬರೆದಿರುವ ಮೂರರ ಕಟ್ಟು, ಆರರ ಕಟ್ಟು ಅಗ್ಗ ಅಂತ ಆಸೆ ಪಡಬೇಡಿ. ರಾತ್ರಿ ಮಲಗಲು ಒಂದು ಇರಲಿ, ಹಗಲಿಗೆ ಅದು ಭಾರ ತಡೆಯುವುದಿಲ್ಲ.

ಪಟ್ಟಿ ಮಾತ್ರ ಸ್ವಲ್ಪ ಬಿಗಿ ಅನಿಸಿದರೆ ಹೊಸ ಬ್ರಾ ಬೇಡ. ಪಟ್ಟಿಯನ್ನು ಉದ್ದ ಮಾಡುವ ಹುಕ್ಕಿನ ಎಕ್ಸ್‌ಟೆಂಡರ್ ಅಂತ ಒಂದು ಸಣ್ಣ ತುಂಡು ಸಿಗುತ್ತದೆ, ಬೆಲೆ ತೀರಾ ಕಮ್ಮಿ. ನಿಮ್ಮ ಬ್ರಾಗೆ ಮೂರು ಹುಕ್ಕು ಇದ್ದರೆ ಮೂರರದ್ದೇ ತನ್ನಿ, ಹುಕ್ಕುಗಳ ನಡುವಿನ ಅಂತರವೂ ಸರಿಹೊಂದಬೇಕು.

ಟೈಲರ್ ಹತ್ತಿರ ಮಾಡಿಸಿಕೊಳ್ಳುವುದು

ನನಗೆ ತುಂಬ ಉಪಯೋಗಕ್ಕೆ ಬಂದದ್ದು ಇದು. ನಿಮ್ಮ ಅಳತೆಯ ಸಾದಾ ಬ್ರಾ ಸಿಗುತ್ತದೆ, ಫೀಡಿಂಗ್ ಬ್ರಾ ಸಿಗುವುದಿಲ್ಲ ಅಂದುಕೊಳ್ಳಿ. ತಂತಿ ಇಲ್ಲದ, ಪ್ಯಾಡ್ ಇಲ್ಲದ, ಪೂರ್ತಿ ಮುಚ್ಚುವ ಹತ್ತಿ ಬ್ರಾ ತೆಗೆದುಕೊಂಡು ಬ್ಲೌಸ್ ಹೊಲಿಯುವ ಅಕ್ಕನ ಹತ್ತಿರ ಹೋಗಿ. ಫೀಡಿಂಗ್ ಬ್ರಾ ಕ್ಲಿಪ್ ಅಂತ ಹುಡುಕಿದರೆ ಆನ್‌ಲೈನಲ್ಲಿ ಸಿಗುತ್ತವೆ. ಹಳೆಯ ಫೀಡಿಂಗ್ ಬ್ರಾದಿಂದ ಬಿಚ್ಚಿದರೂ ಆಯಿತು, ನಾನು ಆ 42ರ ಬ್ರಾದಿಂದಲೇ ಬಿಚ್ಚಿದ್ದು.

ಭುಜಪಟ್ಟಿ ಕಪ್ಪಿಗೆ ಸೇರುವ ಜಾಗದ ಹೊಲಿಗೆ ಬಿಚ್ಚಬೇಕು. ಕ್ಲಿಪ್ಪಿನ ಒಂದು ಭಾಗ ಪಟ್ಟಿಯ ತುದಿಗೆ, ಇನ್ನೊಂದು ಭಾಗ ಕಪ್ಪಿನ ತುದಿಗೆ. ಇಷ್ಟಕ್ಕೇ ಬಿಟ್ಟರೆ ಬಿಚ್ಚಿದ ತಕ್ಷಣ ಪಟ್ಟಿ ಬೆನ್ನ ಹಿಂದೆ ಹಾರಿಹೋಗುತ್ತದೆ. ಅದಕ್ಕೆ ಪಟ್ಟಿಯ ತುದಿಯಿಂದ ಕಂಕುಳ ಪಕ್ಕದಲ್ಲೇ ಇಳಿದು ಕೆಳಪಟ್ಟಿಗೆ ಸೇರುವ ಒಂದು ಬಟ್ಟೆ ಹೊಲಿಸಿ. ಬಟ್ಟೆ ಪಾಪ್ಲಿನ್ ಆಗಲಿ, ಹಿಗ್ಗಬಾರದು. ಮೇಲೆ ಕಿರಿದು, ಕೆಳಗೆ ಮೂರು ಬೆರಳು ಅಗಲ ಇರುವ ತ್ರಿಕೋನ ಆದರೆ ಭಾರ ಚೆನ್ನಾಗಿ ತಡೆಯುತ್ತದೆ. ಉದ್ದವನ್ನು ಬ್ರಾ ಹಾಕಿಕೊಂಡು, ಎದೆ ತುಂಬಿರುವಾಗಲೇ ಗುರುತು ಮಾಡಿಸಿ. ನಮ್ಮ ಟೈಲರಕ್ಕ ಮೊದಲ ಸಲ ಮೇಜಿನ ಮೇಲಿಟ್ಟು ಅಳೆದಿದ್ದರು, ಎರಡು ಬೆರಳು ಗಿಡ್ಡ ಬಂತು, ಎದೆ ಪಕ್ಕದಲ್ಲಿ ಕೊಯ್ಯುತ್ತಿತ್ತು. ಎರಡನೇ ಸಲ ನನ್ನ ಮೈ ಮೇಲೇ ಗುಂಡುಸೂಜಿ ಚುಚ್ಚಿ ಗುರುತು ಮಾಡಿದರು, ಸರಿಯಾಯಿತು. "ಇದೇನ್ ಮಹಾ, ನಮ್ಮಜ್ಜಿ ಕುಪ್ಪಸ ಮುಂದೆ ಗಂಟು ಹಾಕ್ಕೊಳ್ತಿದ್ರು, ಬಿಚ್ಚಿ ಕುಡಿಸ್ತಿದ್ರು" ಅಂದರು. 80 ರೂಪಾಯಿ ಕೂಲಿ ತೆಗೆದುಕೊಂಡರು. ಅದನ್ನು ಹತ್ತು ತಿಂಗಳು ಹಾಕಿದ್ದೇನೆ.

ಹಾಲು ಹೀರುವ ಪ್ಯಾಡನ್ನೂ ಮನೆಯಲ್ಲೇ ಮಾಡಬಹುದು. ಹಳೆಯ ಪಂಚೆ ಒಗೆದು ಒಗೆದು ಮೆತ್ತಗಾಗಿರುತ್ತದೆ. ಅಂಗೈ ಅಗಲದ ಗುಂಡನೆ ತುಂಡು ಐದಾರು ಪದರ ಸೇರಿಸಿ ಅಂಚು ಹೊಲಿಯಿರಿ. ಹನ್ನೆರಡು ಜೊತೆ ಇದ್ದರೆ ಸಾಕು. ಒದ್ದೆಯಾದ ತಕ್ಷಣ ಬದಲಿಸಿ, ಒದ್ದೆ ಪ್ಯಾಡ್ ಇಟ್ಟುಕೊಂಡರೆ ತೊಟ್ಟು ಬಿರಿಯುತ್ತದೆ.

ತಂತಿ, ಬಿಗಿ, ಗಂಟು

ಕೆಳಗೆ ತಂತಿ ಇರುವ ಬ್ರಾ ದಪ್ಪ ಎದೆಗೆ ಆಸರೆ ಕೊಡುತ್ತದೆ ಅನ್ನುವುದು ನಿಜ. ಆದರೆ ಎದೆ ಗಳಿಗೆಗೊಂದು ಅಳತೆಗೆ ಬರುವ ಮೊದಲ ವಾರಗಳಲ್ಲಿ ತಂತಿ ಹಾಲಿನ ನಾಳದ ಮೇಲೆ ಕೂತರೆ ಹಾಲು ಕಟ್ಟಿಕೊಳ್ಳಬಹುದು. ಆಗ ತಂತಿ ಬೇಡ. ರಾತ್ರಿಗಂತೂ ಬೇಡವೇ ಬೇಡ. ತೀರಾ ಬಿಗಿಯಾದ ಬ್ರಾದಿಂದಲೂ ಹೀಗೇ ಆಗುತ್ತದೆ.

ಎದೆಯ ಒಂದು ಕಡೆ ಗಂಟು ಕಟ್ಟಿ ನೋವಾದರೆ ಮೊದಲು ಬ್ರಾ ಬಿಚ್ಚಿ, ಎಲ್ಲಿ ಒತ್ತಿದ ಗುರುತು ಇದೆ ನೋಡಿ. ಮಗುವಿಗೆ ಎಂದಿನಂತೆ ಕುಡಿಸುತ್ತಿರಿ. ಬಾಣಂತನ ಮಾಡುವವರು ಎಣ್ಣೆ ಹಚ್ಚಿ ಗಂಟನ್ನು ಜೋರಾಗಿ ತಿಕ್ಕಲು ಬರುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೂ ಬೇಡ ಅನ್ನಿ. ಜೋರಾಗಿ ಒತ್ತಿದರೆ ಊತ ಹೆಚ್ಚುತ್ತದೆ. ತಣ್ಣೀರ ಬಟ್ಟೆ ಇಟ್ಟರೆ ಹಾಯೆನಿಸುತ್ತದೆ. ಚರ್ಮ ಕೆಂಪಾಗಿ ಬಿಸಿಯಾಗಿ, ಚಳಿ ಜ್ವರ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಬ್ರಾ ಹಾಕಿದರೆ ಹಾಲು ಬತ್ತುತ್ತದೆ ಅಂತ ಕೆಲವು ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಸರಿಯಾದ ಅಳತೆಯದ್ದು ಹಾಕಿದರೆ ಹಾಲು ಬತ್ತುವುದಿಲ್ಲ. ಹಾಲು ಕುಡಿಸಿದ್ದರಿಂದ ಎದೆ ಜೋತು ಬೀಳುತ್ತದೆ ಅನ್ನುವುದೂ ಸುಳ್ಳು, ಆ ಬದಲಾವಣೆ ಬಸುರಿನಿಂದ, ವಯಸ್ಸಿನಿಂದ ಬರುವುದು. ರಾತ್ರಿ ಬ್ರಾ ಬೇಡ ಅನಿಸಿದರೆ ಹಾಕಬೇಡಿ. ಭಾರಕ್ಕೆ ನಿದ್ದೆ ಬರದಿದ್ದರೆ ಮೆತ್ತನೆಯದು ಹಾಕಿಕೊಳ್ಳಿ.

ಒಗೆದು ಒಣಗಿಸುವುದು

ನನ್ನ ಬಾಣಂತನ ತೀರ್ಥಹಳ್ಳಿಯ ತವರಿನಲ್ಲಿ, ಜುಲೈ ಮಳೆಯಲ್ಲಿ. ಮೂರು ಬ್ರಾ ಸಾಲಲಿಲ್ಲ. ಒಂದು ಮೈ ಮೇಲೆ, ಒಂದು ಒಗೆಯಲು, ಒಂದು ಒಣಗಲು ಅನ್ನುವ ಲೆಕ್ಕ ಬಯಲುಸೀಮೆಗೆ ಸರಿ. ಮಲೆನಾಡಿಗೂ ಕರಾವಳಿಗೂ ನಾಲ್ಕು ಬೇಕು. ಅಮ್ಮ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತಿದ್ದರು, ಬಿಸಿ ಹೊಗೆಗೆ ಎಲಾಸ್ಟಿಕ್ ಎರಡೇ ವಾರಕ್ಕೆ ಸಡಿಲ ಬಿತ್ತು. ಒಲೆಯಿಂದ ದೂರ, ಫ್ಯಾನಿನ ಕೆಳಗೆ ಹಾಕಿ.

ತಣ್ಣೀರಲ್ಲಿ ಹಾಲಿನ ಕಲೆ ಮೊದಲು ತೊಳೆಯಿರಿ, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಹುಕ್ಕು ಹಾಕಿಯೇ ಒಗೆಯಿರಿ, ಹಿಂಡಬೇಡಿ, ಟವಲಿನಲ್ಲಿ ಸುತ್ತಿ ಒತ್ತಿ. ಎಣ್ಣೆಸ್ನಾನದ ದಿನ ಹಳೆಯ ಬ್ರಾ ಹಾಕಿ, ಎಣ್ಣೆಗೆ ಎಲಾಸ್ಟಿಕ್ ಹಾಳಾಗುತ್ತದೆ. ಇನ್ನೊಂದು ಮಾತು. ಬ್ರಾ ಕಾಣಬಾರದು ಅಂತ ಟವಲಿನ ಕೆಳಗೆ, ಸೀರೆಯ ಮಡಿಕೆಯೊಳಗೆ ಒಣಗಿಸುತ್ತೇವಲ್ಲ, ಅದು ಯಾವತ್ತೂ ಪೂರ್ತಿ ಒಣಗುವುದಿಲ್ಲ. ಆ ತೇವದಿಂದಲೂ ಎದೆ ಕೆಳಗೆ ತುರಿಕೆ ಬರಬಹುದು. ಗಾಳಿ ಆಡುವಲ್ಲಿ ಹಾಕಿ, ಯಾರು ಬೇಕಾದರೂ ನೋಡಲಿ. ಸ್ನಾನ ಆದಮೇಲೆ ಎದೆ ಕೆಳಗಿನ ಮಡಿಕೆಯನ್ನು ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಸೆಕೆಗಾಲದಲ್ಲಿ ಅಲ್ಲಿ ಒಂದು ತೆಳು ಪಂಚೆ ತುಂಡು ಇಟ್ಟುಕೊಂಡರೂ ಆಗುತ್ತದೆ.

ಮತ್ತೆ ಕೆಲಸಕ್ಕೆ ಹೋಗುವಾಗ

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಮೊದಲೆರಡು ಮಕ್ಕಳಿಗೆ 26 ವಾರದ ಹೆರಿಗೆ ರಜೆ ಕಾನೂನಿನಲ್ಲಿದೆ. ರಜೆ ಮುಗಿಯುವ ಹೊತ್ತಿಗೆ ಮಗು ಅನ್ನ, ರಾಗಿ ಸರಿ ತಿನ್ನಲು ಶುರು ಮಾಡಿರುತ್ತದೆ, ಎದೆಯ ಅಳತೆ ಮತ್ತೆ ಬದಲಾಗಿರುತ್ತದೆ. ಹೊರಡುವ ಎರಡು ವಾರ ಮೊದಲು ಇನ್ನೊಮ್ಮೆ ಟೇಪು ಹಿಡಿಯಿರಿ. ನಾನು 36 ಡಬಲ್ ಡಿಯಿಂದ 36 ಡಿಗೆ ಬಂದಿದ್ದೆ. ಬಸ್ಸಿನಲ್ಲಿ ನಿಂತು ಹೋಗುವವರಿಗೆ ಪಟ್ಟಿ ಗಟ್ಟಿ ಇರುವ ಒಂದು ಹೊಸದು ಬೇಕೇ ಬೇಕು. ಹಳೆಯದರಲ್ಲಿ ಒಳಗಿನ ಕೊನೆಯ ಹುಕ್ಕಿಗೂ ಸಡಿಲ ಆದದ್ದನ್ನು ತೆಗೆದಿಡಿ, ಕ್ಲಿಪ್ ಮಾತ್ರ ಬಿಚ್ಚಿಟ್ಟುಕೊಳ್ಳಿ. ಬ್ಯಾಗಿನಲ್ಲಿ ಎರಡು ಜೊತೆ ಒಣ ಪ್ಯಾಡು, ಒಂದು ಪ್ಲಾಸ್ಟಿಕ್ ಕವರು, ಗಾಢ ಬಣ್ಣದ ದುಪ್ಪಟ್ಟಾ ಇರಲಿ. ಮಧ್ಯಾಹ್ನದ ಹೊತ್ತಿಗೆ ಮಗುವಿನ ನೆನಪಾದರೆ ಸಾಕು, ಹಾಲು ಸೋರುತ್ತದೆ.